ಎಂಟು ಚೀಲಗಳ ತೂಕ

ಪಟ್ಟಂದೂರು ಅಗ್ರಹಾರದ ಒಂದು ವಠಾರದಲ್ಲಿ ನನ್ನ ಬಗ್ಗೆ ಒಂದು ಕಥೆ ಓಡಾಡುತ್ತಿದೆ. ಆಫ್ರಿಕಾದಲ್ಲಿ ಶಾಂತಿಪಡೆಯ ಜೊತೆಗಿದ್ದ ಅವರ ಪೈಕಿಯ ಒಬ್ಬ ಸಿಪಾಯಿಗೆ ತಾಯಿಗೆ ಹುಷಾರಿಲ್ಲವೆಂದು ಸುದ್ದಿ ಬಂತಂತೆ. ಬೆಂಗಳೂರಿನ ಒಬ್ಬ ಪೈಲಟ್ ಸಾಹೇಬರು ಗುಂಡಿನ ಮಳೆಯ ನಡುವೆ ವಿಮಾನ ಇಳಿಸಿ ಅವನನ್ನು ಎತ್ತಿಕೊಂಡು ಹೊರಟರಂತೆ. ಹಾಗಾಗಿ ಆ ತಾಯಿ ಮಗನ ಮುಖ ನೋಡಿಯೇ ಕಣ್ಣು ಮುಚ್ಚಿದಳಂತೆ.

ಆ ಪೈಲಟ್ ನಾನು. ಈ ಕಥೆಯನ್ನು ನಾನು ಒಪ್ಪುವುದಿಲ್ಲ.

ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಯ ರೋಲಿಂಗ್ ಶೀಲ್ಡನ್ನು ಮೂರು ವರ್ಷ ಬೇರೆ ಕಾಲೇಜಿಗೆ ಹೋಗಗೊಡದವನು ನಾನು. ಎದುರಿನವರ ಮಾತನ್ನು ಬಿಡಿಬಿಡಿಯಾಗಿ ಕಳಚಿ ನೋಡುವ ಚಾಳಿ ಆಗಿನದು. ಮೊದಲಿಗೆ, ಅದು ವಿಮಾನವಲ್ಲ, ಸಾಮಾನು ಸಾಗಿಸುವ ಹೆಲಿಕಾಪ್ಟರ್. ನಾನು ಅದರ ಎರಡನೆಯ ಪೈಲಟ್, ಪಕ್ಕದಲ್ಲಿ ಕೂತ ಕ್ಯಾಪ್ಟನ್ನರ ಮಾತು ಕೇಳಬೇಕಾದವನು. ಗುಂಡಿನ ಮಳೆ ಹಾಗಿರಲಿ, ಆ ತಿಂಗಳು ಅಲ್ಲಿ ನೀರಿನ ಮಳೆಯೂ ಬಿದ್ದಿರಲಿಲ್ಲ. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅವರು ಹೇಳುವ ಆ ದಿನ ನಾನು ಆ ಸಿಪಾಯಿಯನ್ನು ಹತ್ತಿಸಿಕೊಳ್ಳಲಿಲ್ಲ. ಹತ್ತಿ ಕೂತಿದ್ದವನನ್ನು ಕೆಳಗಿಳಿಸಿದೆ.

ನಮ್ಮ ದಿನಚರಿಯಲ್ಲಿ ಶೌರ್ಯಕ್ಕೆ ಜಾಗ ಕಡಿಮೆ ಇತ್ತು. ಬೆಳಿಗ್ಗೆ ಒಂದು ಬಕೆಟ್ ನೀರು. ಅದರಲ್ಲೇ ಗಡ್ಡ, ಸ್ನಾನ, ಕಾಲುಚೀಲ. ಡೇರೆಯೊಳಗೆ ಮರಳು, ಚಹಾದಲ್ಲಿ ಮರಳು, ಚಪಾತಿಯಲ್ಲೂ ಮರಳು. ಹವಾಮಾನ ಕೇಳಿ, ನಕ್ಷೆ ಮಡಿಚಿ, ಇಂಧನ ನೋಡಿ ಹೊರಟರೆ ಒಳನಾಡಿನ ಶಿಬಿರಗಳಿಗೆ ಬೇಳೆ, ಈರುಳ್ಳಿ, ಕುಡಿಯುವ ನೀರಿನ ಪೀಪಾಯಿ, ಟಪಾಲು. ಬರುವಾಗ ಕೆಟ್ಟುಹೋದ ಜನರೇಟರ್, ಜ್ವರ ಬಂದವರು, ರಜೆ ಸಿಕ್ಕವರು. ಒಮ್ಮೆ ಒಂದು ಶಿಬಿರದವರ ಹಬ್ಬಕ್ಕೆ ಹನ್ನೊಂದು ಆಡುಗಳನ್ನು ಒಯ್ದೆವು. ಅವು ಇಳಿದು ಹೋದ ಮೇಲೂ ಒಂದು ವಾರ ಅವುಗಳ ವಾಸನೆ ನಮ್ಮ ಜೊತೆಯೇ ಹಾರಾಡುತ್ತಿತ್ತು. ಮನೆಗೆ ಬರೆದ ಕಾಗದದಲ್ಲಿ ಇದನ್ನೇ ಬರೆದೆ. ಅವ್ವ ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆಡಿನ ಭಾಗ ಬಿಟ್ಟು ಮಿಕ್ಕಿದ್ದನ್ನು ಎಲ್ಲರಿಗೂ ಓದಿ ಹೇಳಿದಳಂತೆ.

ಈ ಕೆಲಸದಲ್ಲಿ ನಿಜವಾದ ಯಜಮಾನ ತೂಕ. ಬಿಸಿಲು ಏರಿದಷ್ಟೂ ಗಾಳಿ ತೆಳುವಾಗುತ್ತದೆ, ರೆಕ್ಕೆ ಎತ್ತುವ ಭಾರ ಇಳಿಯುತ್ತದೆ. ಬೆಳಿಗ್ಗೆ ಆರಕ್ಕೆ ಎದ್ದ ಹೊರೆ ಹನ್ನೊಂದಕ್ಕೆ ಏಳುವುದಿಲ್ಲ. ಅದಕ್ಕೇ ಪ್ರತಿ ಸಲವೂ ಒಂದು ತೂಕದ ಹಾಳೆ ತುಂಬಬೇಕು. ಅದನ್ನು ತುಂಬುವುದು ಎರಡನೆಯ ಪೈಲಟ್ಟನ ಪಾಲಿನ ಕೆಲಸ. ಅಲ್ಲಿನ ರೂಢಿಯಲ್ಲಿ ಮನುಷ್ಯನೊಬ್ಬನಿಗೆ ಇಂತಿಷ್ಟು, ಅವನ ಚೀಲಕ್ಕೆ ಹದಿನೈದು ಕೆಜಿ ಎಂದು ಅಂದಾಜಿನ ಮೇಲೆ ಬರೆದುಬಿಡುತ್ತಿದ್ದರು. ನನಗೆ ಅಂದಾಜು ಎಂದರೆ ಆಗದು. ಅಪ್ಪ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ತೂಕದ ಯಂತ್ರಗಳನ್ನು ಪರೀಕ್ಷಿಸುವ ಇಂಜಿನಿಯರ್. ನಮ್ಮ ಮನೆಯಲ್ಲಿ ಉಪ್ಪಿಟ್ಟಿಗೆ ರವೆಯನ್ನೂ ಕಣ್ಣಳತೆಯಲ್ಲಿ ಹಾಕಿದವರಿಲ್ಲ.

"ಸಾರ್, ರೈಫಲ್ಲು, ಬೂಟು, ನೀರಿನ ಬಾಟ್ಲಿ ಹೊತ್ತ ಸಿಪಾಯಿ ನಮ್ಮ ಹಾಳೇಲಿರೋ ಸಿಪಾಯಿಗಿಂತ ತುಂಬಾ ಭಾರ. ಇದನ್ನ ತೂಗಿ ನೋಡದೆ ಹೇಗೆ ನಂಬೋದು?" ಎಂದು ಕ್ಯಾಪ್ಟನ್ ಜೊತೆ ಮೂರು ದಿನ ವಾದಿಸಿದೆ. ನಾಲ್ಕನೆಯ ದಿನ ಅವರು, "ತೂಗು ಮಾರಾಯ, ಆದರೆ ಊಟದ ಹೊತ್ತಲ್ಲಿ ಬಾಯಿ ಮುಚ್ಕೊಂಡಿರು," ಎಂದರು. ಉಗ್ರಾಣದಿಂದ ಅಕ್ಕಿ ತೂಗುವ ಯಂತ್ರ ತರಿಸಿ, ಹಲಗೆ ಹಾಸಿ, ಸೊನ್ನೆಗೆ ಕೂರಿಸಿ, ಹತ್ತುವವರನ್ನೆಲ್ಲ ಚೀಲ ಸಮೇತ ಅದರ ಮೇಲೆ ನಿಲ್ಲಿಸಿದೆ. ಗೆದ್ದ ಖುಷಿ ನನಗೆ.

ಆ ಸಿಪಾಯಿ ಪರಿಚಯವಾದದ್ದು ಒಳನಾಡಿನ ಒಂದು ಶಿಬಿರದಲ್ಲಿ. ಬಿಜಾಪುರದ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ಸೆಕೆಗೆ ನನ್ನ ಕಾಲರಿನ ಗುಂಡಿ ಬಿಚ್ಚಿದ್ದಾಗ ಕೊರಳಿಗೆ ಕಟ್ಟಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆ ಅವರ ಕಣ್ಣಿಗೆ ಬಿತ್ತು. ನಂಬಿಕೆಯಿಂದ ಕಟ್ಟಿದ್ದಲ್ಲ, ಅವ್ವನೊಬ್ಬಳ ಮುಂದೆ ನಾನು ವಾದದಲ್ಲಿ ಸೋಲುತ್ತೇನೆ, ಅದಕ್ಕೆ.

"ನಮ್ಮವರಽ ಅದೀರಿ! ಮುಂಜಾನೆ ಪೂಜಾ ಮಾಡ್ತೀರೇನ್ರಿ ಸಾಹೇಬ್ರ?"

"ಟೈಮ್ ಎಲ್ಲಿದೆ ಕಣ್ರೀ?"

"ಅಲ್ರಿ, ಮಂದೀನ್ನೆಲ್ಲಾ ತೂಗಾಕ ಟೈಮ್ ಐತಿ, ಲಿಂಗಪ್ಪಗ ಎರಡ ಹನಿ ನೀರ ಹಾಕಾಕ ಇಲ್ಲ? ಹೋಗ್ಲಿ, ಅದರ ತೂಕಾನೂ ಹಾಳಿಮ್ಯಾಲ ಬರೀತೀರಿಲ್ಲೋ?"

ಅವರ ಅಪ್ಪ, ಅವ್ವ, ತಂಗಿ ಮೂವರೂ ಪಟ್ಟಂದೂರು ಅಗ್ರಹಾರದಲ್ಲಿ ಬಾಡಿಗೆ ಖೋಲಿ ಹಿಡಿದು, ಪಕ್ಕದಲ್ಲಿ ಏಳುತ್ತಿದ್ದ ದೊಡ್ಡ ದೊಡ್ಡ ಕಂಪ್ಯೂಟರ್ ಕಟ್ಟಡಗಳ ಕೆಲಸಕ್ಕೆ ಹೋಗುತ್ತಿದ್ದರು. ಆ ಮೇಲೆ ನಾನು ಆ ಶಿಬಿರದಲ್ಲಿ ಇಳಿದಾಗಲೆಲ್ಲ ಅವರು ನೀರಿನ ಪೀಪಾಯಿ ಇಳಿಸಲು ಬರುವರು, ನಾವಿಬ್ಬರೂ ಹತ್ತು ನಿಮಿಷ ಕನ್ನಡ ಮಾತಾಡುವೆವು.

ಒಂದು ಬುಧವಾರ ಅವರೇ ಓಡಿ ಬಂದರು. "ನಮ್ಮವ್ವಗ ಆರಾಮಿಲ್ರಿ. ಬೆಂಗಳೂರಾಗ ದವಾಖಾನಿಗೆ ಹಾಕ್ಯಾರಂತ. ಮಾತಾಡ್ತಾಳ, ನನ್ನನ್ನಽ ಕೇಳ್ತಾಳಂತ. ರಜಾ ಸಿಕ್ಕೈತಿ. ಇವತ್ತ ನಿಮ್ಮ ಗಾಡಿಗೆ ಬಂದ್ರ ನಾಳಿನ ವಿಮಾನ ಸಿಗತೈತಿ." ನಾವು ಹೊರಟಿದ್ದ ಬಂದರು ಪಟ್ಟಣದಿಂದ ಊರ ಕಡೆಯ ವಿಮಾನ ವಾರಕ್ಕೊಂದೇ.

ಎಂಟು ಜನ ಹೋಗುವವರಿದ್ದರು. ಏಳು ಜನ ಮೊದಲೇ ಬಂದು ತೂಗಿಸಿಕೊಂಡು ಕೂತರು. ಈ ಸಿಪಾಯಿ ಮಾತ್ರ ನಮ್ಮದೇ ಜನರೇಟರನ್ನು ಹತ್ತಿಸಲು ಕೈಹಚ್ಚಿದ್ದರಿಂದ ಕೊನೆಗೆ ಬಂದರು. ಚೀಲ ಸಮೇತ ಎಪ್ಪತ್ತೆಂಟು ಕೆಜಿ. ಸಾಮಾನಿನ ಉಸ್ತುವಾರಿಯ ವಾರಂಟ್ ಆಫೀಸರ್ ತಮ್ಮ ಪಟ್ಟಿ ಕೊಟ್ಟರು, ನಾನು ಹಾಳೆಯಲ್ಲಿ ಕೂಡಿದೆ. ಎಪ್ಪತ್ತು ಕೆಜಿ ಜಾಸ್ತಿ. ಗಂಟೆ ಹನ್ನೊಂದಾಗಿತ್ತು. ಜನರೇಟರ್ ಕಟ್ಟಿ ಬಿಗಿದಾಗಿತ್ತು, ಅದನ್ನು ಬಿಚ್ಚುತ್ತ ಕೂತರೆ ಬಿಸಿಲು ಇನ್ನೂ ಏರುತ್ತದೆ. ಕೊನೆಗೆ ಹತ್ತಿದವನು ಮೊದಲು ಇಳಿಯಬೇಕು ಎಂಬುದು ಅಲ್ಲಿನ ಕಟ್ಟಳೆ.

"ಒಬ್ಬನಿಗೋಸ್ಕರ ಸ್ವಲ್ಪ ಹೊಂದಿಸೋಕಾಗತ್ತಾ, ನೋಡು," ಎಂದರು ಕ್ಯಾಪ್ಟನ್.

"ಸಾರ್, ಲೆಕ್ಕ ಯಾರ ಮುಖಾನೂ ನೋಡಲ್ಲ," ಎಂದೆ. ಎಷ್ಟು ಚೆನ್ನಾಗಿ ಹೇಳಿದೆ ಎಂದು ಆಗ ನನಗೇ ಅನ್ನಿಸಿತ್ತು.

ಸಿಪಾಯಿ ಇಳಿದರು. "ಇರ್ಲಿ ಬಿಡ್ರಿ ಸಾಹೇಬ್ರ. ತೂಕದ ಮುಂದ ಯಾರ ಮಾತು ನಡೀತೈತಿ? ಮುಂದಿನ ವಾರ ಬರ್ತೀನಿ." ಚೀಲವನ್ನು ತಲೆಯ ಮೇಲೆ ಹಿಡಿದು, ನಮ್ಮ ರೆಕ್ಕೆ ಎಬ್ಬಿಸಿದ ಮರಳಿಗೆ ಬೆನ್ನು ಮಾಡಿ ನಿಂತರು.

ಸಂಜೆ ಚಹಾದ ಹೊತ್ತಿಗೆ ಹಾಳೆಯ ಪ್ರತಿ ತೆಗೆದಿಡುತ್ತಿದ್ದೆ. ಪ್ರಯಾಣಿಕರ ಸಾಲಿನಲ್ಲಿ ನನ್ನ ಅಂಕಿಗಳು, ಚೀಲ ಸೇರಿಸಿ ತೂಗಿದ್ದು. ಅದರ ಕೆಳಗೆ ವಾರಂಟ್ ಆಫೀಸರ್ ಕೈಬರಹ. ಚೀಲ ಎಂಟು, ತಲಾ ಹದಿನೈದು, ಒಟ್ಟು ನೂರಿಪ್ಪತ್ತು. ಹಳೆಯ ರೂಢಿಯಂತೆ ಅವರು ಬರೆದಿದ್ದರು. ಹೊಸ ರೂಢಿ ತಂದ ನಾನು ಆ ಸಾಲು ಬೇಡ ಎಂದು ಅವರಿಗೆ ಹೇಳಿರಲಿಲ್ಲ, ಕೂಡುವಾಗ ನೋಡಲೂ ಇಲ್ಲ; ಹಿಂದಿನ ಸಲಗಳಲ್ಲಿ ಹೊರೆ ಮಿತಿಯೊಳಗೇ ಇದ್ದುದರಿಂದ ಅದು ಬೆಳಕಿಗೂ ಬಂದಿರಲಿಲ್ಲ. ಎಂಟು ಚೀಲ ಎರಡೆರಡು ಸಲ ತೂಗಿಸಿಕೊಂಡಿದ್ದವು. ಎಪ್ಪತ್ತು ಕೆಜಿ ಜಾಸ್ತಿಯಲ್ಲ, ಐವತ್ತು ಕೆಜಿ ಜಾಗ ಇತ್ತು.

ಕ್ಯಾಪ್ಟನ್‌ಗೆ ತಕ್ಷಣ ಹೇಳಿದೆ. ಅವರು ಹಾಳೆಯನ್ನು ಎರಡು ಸಲ ಓದಿ, "ನಾಳೆಯಿಂದ ಚೀಲಗಳನ್ನ ಬೇರೆ ತೂಗಿ ಆ ಸಾಲಲ್ಲಿ ಬರಿ," ಎಂದರು. ತೂಗುವುದನ್ನು ನಿಲ್ಲಿಸು ಎನ್ನಲಿಲ್ಲ. ತೂಗಬೇಕೆಂಬ ನನ್ನ ವಾದ ಈಗಲೂ ಸರಿ ಎಂದೇ ನಾನು ಹೇಳುವುದು. ತಪ್ಪಿದ್ದು ವಾದವಲ್ಲ, ನಾನು.

ಮುಂದಿನ ಬುಧವಾರ ಸಿಪಾಯಿಯನ್ನು ಕರೆತಂದದ್ದು ನಮ್ಮ ಹೆಲಿಕಾಪ್ಟರೇ. ಅಷ್ಟರ ಮಟ್ಟಿಗೆ ವಠಾರದ ಕಥೆ ನಿಜ. ಅಂದು ನಾನು ಎಲ್ಲರ ಚೀಲ ಕೆಳಗಿಡಿಸಿ ಬೇರೆಯಾಗಿ ತೂಗಿದೆ. ಅವರು ತಮ್ಮ ಚೀಲವನ್ನೂ ಯಂತ್ರವನ್ನೂ ನೋಡಿದರು. "ಈ ಸಲ ಚೀಲ ಬ್ಯಾರೆ ಏನ್ರಿ?"

"ಹೂಂ, ಹೊಸ ಕ್ರಮ," ಎಂದೆ. ಸಭೆಯಲ್ಲಿ ಗಂಟೆ ಬಾರಿಸಿದರೂ ಮಾತು ನಿಲ್ಲಿಸದವನು, ಅಲ್ಲಿ ಮೂರು ಪದಕ್ಕೆ ನಿಲ್ಲಿಸಿದೆ.

ಆರು ತಿಂಗಳ ಮೇಲೆ ನಮ್ಮ ಪಡೆ ಮರಳಿತು. ರಜೆಯಲ್ಲಿ ಮನೆಗೆ ಬಂದಾಗ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಕೇಳಿದ್ದು ಒಂದೇ: "ಯಂತ್ರ ಸರಿ ಇತ್ತಾ?"

"ಇತ್ತು."

"ಹಂಗಾದ್ರೆ ಆ ಮನೆಗೆ ಹೋಗಿ ಹೇಳಿ ಬಾ. ಸ್ಕೂಟರ್ ಕೀ ಅಲ್ಲೇ ಇದೆ."

ಪಟ್ಟಂದೂರು ಅಗ್ರಹಾರದ ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಸ್ಕೂಟರ್ ನಿಲ್ಲಿಸುವಷ್ಟರಲ್ಲಿ ವಠಾರವೇ ಹೊರಗೆ ಬಂತು. ಸಿಪಾಯಿ ಕೂಡ ರಜೆಯ ಮೇಲಿದ್ದರು. ತಂಗಿ ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು. ಬೇಡವೆಂದರೆ ಐದನೆಯದೂ ಬಿತ್ತು.

"ತಿನ್ರಿ ಸಾಹೇಬ್ರ! ನೀವು ವಿಮಾನ ತಂದ್ರಿ ಅಂತ ನಮ್ಮಣ್ಣನ ಮಾರಿ ನೋಡಿ ಹೋದ್ಲು ನಮ್ಮವ್ವ. ಒಂದ ದಿನರ ಸಿಕ್ಕ. ಮಾತ ನಿಂತ ನಾಕ ದಿನ ಆಗಿತ್ತು ಖರೆ, ಕಣ್ಣ ತಗದು ನೋಡಿದ್ಲು."

ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟೆ. ಅವರು ಹಿಂದಿನ ವಾರವೇ ಬಂದಿದ್ದರೆ ಆ ತಾಯಿ ಮಾತಾಡುತ್ತಿದ್ದಳು. "ಅಲ್ಲ, ನೋಡಿ, ಆವತ್ತು ನಡೆದಿದ್ದು..." ಎಂದು ಶುರುಮಾಡಿದೆ.

"ಬಾಳ ಮಾತಾಡ್ತಾರ ನಮ್ಮ ಸಾಹೇಬ್ರು, ಆಮ್ಯಾಲ ಕೇಳೋಣಂತ. ತಂಗೀ, ಮಜ್ಜಿಗಿ ತಾ," ಎಂದು ಸಿಪಾಯಿ ಎದ್ದರು. ಎಲ್ಲರೂ ನಕ್ಕರು. ಗುಂಡಿನ ಮಳೆಯ ಭಾಗವನ್ನು ತಮ್ಮ ಅಪ್ಪನಿಗೆ ಮತ್ತೊಮ್ಮೆ ಅವರೇ ಹೇಳಿದರು, ನನ್ನ ಕಡೆ ನೋಡದೆ.

ಸ್ಕೂಟರಿನವರೆಗೆ ಬಿಡಲು ಅವರೊಬ್ಬರೇ ಬಂದರು. ನಾನು ಹಾಳೆಯ ವಿಷಯ, ಎರಡು ಸಾಲು, ಐವತ್ತು ಕೆಜಿ, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವರು ಸ್ಕೂಟರಿನ ಸೀಟಿನ ಮೇಲಿನ ಸಿಮೆಂಟಿನ ಧೂಳನ್ನು ಅಂಗೈಯಿಂದ ಒರೆಸುತ್ತಿದ್ದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು.

"ಅಣ್ಣಾ," ಎಂದೆ. ಅವರನ್ನು ಹಾಗೆ ಕರೆದದ್ದು ಅದೇ ಮೊದಲು. "ಎರಡನೇ ವಾರ ಚೀಲ ಕೆಳಗಿಡಿ ಅಂದಾಗಲೇ ನಿಮಗೆ ಗೊತ್ತಾಗಿತ್ತಾ?"

"ಗೊತ್ತಾಗಿತ್ರಿ ಸಾಹೇಬ್ರ, ಆದ್ರ ಅಪ್ಪಗ, ತಂಗಿಗೆ ನಾ ಹೇಳಿದ ಕತೀನಽ ಇರ್ಲಿ ಬಿಡ್ರಿ," ಎಂದು ಅವರು ಸ್ಕೂಟರನ್ನು ರಸ್ತೆಯ ಕಡೆ ತಿರುಗಿಸಿ ಕೊಟ್ಟರು.