ಥುಕ್ಬಾದ ಇದ್ದಿನಬ್ಬ ಕಟ್ಟುವ ನೊಣಗಳು

ಬೆಳಗಿನ ನಮಾಜು ಮುಗಿಸಿ ಬಂದ ಇದ್ದಿನಬ್ಬ ಅಂಗಡಿಯ ಶಟರನ್ನು ಅರ್ಧ ಮಾತ್ರ ಎತ್ತುತ್ತಾರೆ. ಗಲ್ಫ್ ನಾಡಿನ ಥುಕ್ಬಾದ ಬೀದಿಯಲ್ಲಿ ಫೆಬ್ರವರಿಯ ಚಳಿ ಇನ್ನೂ ಬಿಟ್ಟಿಲ್ಲ. ಅಲ್-ಅಹ್ಸಾ ಕಡೆಯಿಂದ ಬಂದ ಲಾರಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದೆ. ಕೋಳಿ ತುಂಬಿದ ಪ್ಲಾಸ್ಟಿಕ್ ಪೆಟ್ಟಿಗೆಗಳು ಒಂದೊಂದಾಗಿ ಇಳಿಯುತ್ತಿವೆ. ಬಿಳಿ ಫಾರಂ ಕೋಳಿಗಳತ್ತ ಅವರು ಕಣ್ಣೆತ್ತಿಯೂ ನೋಡುವುದಿಲ್ಲ. ಕೊನೆಯ ಎರಡು ಪೆಟ್ಟಿಗೆಗಳಲ್ಲಿ ನಾಟಿ ಹುಂಜಗಳಿವೆ. ಅವುಗಳ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಒಂದೊಂದರ ಕತ್ತಿನ ಮೇಲೂ ಬೆರಳಾಡಿಸುತ್ತಾರೆ. ಎರಡನ್ನು ಗುರುತು ಮಾಡಿ ಇಡುತ್ತಾರೆ.

ಆ ಎರಡು ಹುಂಜಗಳ ಸರದಿ ಬಂದಾಗ ಗರಿ ಕೀಳುವ ಯಂತ್ರಕ್ಕೆ ಹಾಕುವ ಮೊದಲೇ ಕತ್ತಿನ ಗರಿಗಳನ್ನು ಕೈಯಿಂದ ಬಿಡಿಸಿಕೊಳ್ಳುತ್ತಾರೆ. ತೊಳೆದು ಒರೆಸಿದ ಗರಿಯೊಂದನ್ನು ತುಟಿಗೆ ತಾಗಿಸಿ ನೋಡುತ್ತಾರೆ.

"ತುಟಿಗೆ ಚುಚ್ಚಬೇಕು. ಮೆತ್ತಗೆ ಇದ್ರೆ ನೀರು ಕುಡಿದು ಮುಳುಗ್ತದೆ. ಗಡುಸು ಇದ್ರೆ ಮಾತ್ರ ನೊಣ ತೇಲ್ತದೆ ಮಾರಾಯ್ರೆ."

ಅವರು ಹೇಳುತ್ತಿರುವ ನೊಣ ಹಾರುವುದಿಲ್ಲ. ಅದು ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಗಾಳಕ್ಕೆ ಗರಿ, ಕೂದಲು, ನೂಲು ಸುತ್ತಿ ಮಾಡಿದ ಹುಸಿ ನೊಣ. ಹಿಮ ಕರಗುವ ಹೊತ್ತಿಗೆ ತಣ್ಣನೆಯ ನದಿಗಳಲ್ಲಿ, ಕೆರೆಗಳಲ್ಲಿ ಟ್ರೌಟ್ ಎಂಬ ಮೀನು ಹಿಡಿಯುವವರು ಇದನ್ನು ದಾರದ ತುದಿಗೆ ಕಟ್ಟಿ ನೀರಿನ ಮೇಲೆ ತೇಲಿಬಿಡುತ್ತಾರೆ. ಹೊಳೆಯೇ ಇಲ್ಲದ ಈ ನಾಡಿನ ಕೋಳಿ ಅಂಗಡಿಯೊಂದರ ಹಿಂಬದಿಯಲ್ಲಿ ಕೂತು, ಐವತ್ತಾರು ವರ್ಷದ ಇದ್ದಿನಬ್ಬ ಪ್ರತಿ ವಸಂತಕ್ಕೆ ಹದಿನೈದು ಡಜನ್ ನೊಣ ಕಟ್ಟುತ್ತಾರೆ. ಟ್ರೌಟ್ ಮೀನನ್ನು ಅವರು ಈವರೆಗೆ ಕಣ್ಣಾರೆ ಕಂಡಿಲ್ಲ.

ಊರು ಬಂಟ್ವಾಳದ ಹತ್ತಿರದ ಸಜಿಪ. ತಂದೆ ಬೇಗ ತೀರಿಕೊಂಡರು. ತಾಯಿ, ಇಬ್ಬರು ಅಕ್ಕಂದಿರು, ಇವರು, ನಾಲ್ವರೂ ಮಡಿಲಲ್ಲಿ ತಡ್ಪೆಯೆಂಬ ಮೊರ ಇಟ್ಟುಕೊಂಡು ಬೀಡಿ ಕಟ್ಟಿಯೇ ಮನೆ ನಡೆಯಿತು. ಎಲೆ ಕತ್ತರಿಸಿ, ಪುಡಿ ತುಂಬಿ, ಸುರುಳಿ ಸುತ್ತಿ, ಬಾಯಿ ಮುಚ್ಚಿ, ಕೊನೆಗೆ ನೂಲನ್ನು ಎರಡು ಸುತ್ತು ಹಾಕಿ ಬೆರಳ ತುದಿಯಲ್ಲೇ ಗಂಟು ಬಿಗಿಯುವುದು. ಹತ್ತನೇ ವಯಸ್ಸಿಗೆ ಇದ್ದಿನಬ್ಬ ಇದನ್ನು ನೋಡದೆಯೇ ಮಾಡುತ್ತಿದ್ದರು. ಶಾಲೆ ಏಳನೆಯದಕ್ಕೆ ನಿಂತಿತು. 1994ರಲ್ಲಿ ಥುಕ್ಬಾಕ್ಕೆ ಬಂದವರು ಅಂದಿನಿಂದ ಇದೇ ಅಂಗಡಿಯಲ್ಲಿದ್ದಾರೆ. ದಿನಕ್ಕೆ ಮುನ್ನೂರು ಕೋಳಿ, ವಾರದ ಕೊನೆಗೆ ಐನೂರು. ಬಿಸಿನೀರಿನ ಹಬೆ, ಬ್ಲೀಚಿನ ವಾಸನೆ, ಸದಾ ಒದ್ದೆಯಾದ ರಬ್ಬರ್ ಬೂಟು. ಎರಡು ವರ್ಷಕ್ಕೊಮ್ಮೆ ಊರಿಗೆ ಎರಡು ತಿಂಗಳ ರಜೆ. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದಾಗಲೂ ಅವರು ಇಲ್ಲಿಯೇ ಇದ್ದರು.

"ಕಷ್ಟ ಅಂತ ಹೇಳ್ಲಿಕ್ಕೆ ಎಂತ ಉಂಟು? ಎಲ್ಲರಿಗೂ ಇದ್ದದ್ದೇ. ನನಗೆ ಕಫೀಲ್, ಅಂದ್ರೆ ವೀಸಾ ಕೊಟ್ಟ ಧಣಿ, ಒಳ್ಳೆಯವರು ಸಿಕ್ಕಿದ್ರು, ಅಲ್‌ಹಮ್ದುಲಿಲ್ಲಾ," ಎಂದು ಆ ಮಾತನ್ನು ಅಲ್ಲಿಗೇ ಮುಗಿಸುತ್ತಾರೆ.

ನೊಣದ ಕತೆ ಶುರುವಾದದ್ದು 2012ರ ಜನವರಿಯಲ್ಲಿ. ಆಗಿನ್ನೂ ಇಲ್ಲಿ ವಾರದ ರಜೆ ಗುರುವಾರ, ಶುಕ್ರವಾರ. ಒಂದು ಗುರುವಾರ ಬೆಳಗ್ಗೆ ಉದ್ದನೆಯ ಬಿಳಿಯ ಮುದುಕರೊಬ್ಬರು ಅಂಗಡಿಗೆ ಬಂದು, ಕೋಳಿ ಬೇಡ, ಕೆಂಪು ಹುಂಜದ ಕತ್ತಿನ ಗರಿ ಮಾತ್ರ ಬೇಕು ಎಂದರು. ಹೆಸರು ಫರ್ಗಸ್. ಸ್ಕಾಟ್ಲೆಂಡಿನವರು, ಖೋಬರಿನ ಒಂದು ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಇದ್ದಿನಬ್ಬ ಒಂದು ಚೀಲ ತುಂಬಾ ಗರಿ ಕೊಟ್ಟರು. ಮುದುಕರು ಆ ಚೀಲದಲ್ಲಿ ಏಳೇ ಏಳು ಗರಿ ಆರಿಸಿಕೊಂಡು ಉಳಿದದ್ದನ್ನು ವಾಪಸು ಕೊಟ್ಟರು.

"ನನಗೆ ಆಶ್ಚರ್ಯ ಆಯ್ತು. ಇಷ್ಟು ವರ್ಷ ನಾನು ಕಸಕ್ಕೆ ಹಾಕಿದ್ದನ್ನು ಇವರು ಚಿನ್ನ ನೋಡಿದ ಹಾಗೆ ನೋಡ್ತಾರೆ. ಎಂತಕ್ಕೆ ಅಂತ ಕೇಳಿದೆ. ಜೇಬಿನಿಂದ ಒಂದು ತಗಡಿನ ಡಬ್ಬಿ ತೆಗೆದು ತೋರಿಸಿದ್ರು. ಸಾಲಾಗಿ ನೊಣ!"

ಅರ್ಧ ಅರಬಿ, ಅರ್ಧ ಇಂಗ್ಲಿಷಿನಲ್ಲಿ ಇಬ್ಬರ ಸ್ನೇಹ ಬೆಳೆಯಿತು. ಫರ್ಗಸರ ಊರಿನ ನದಿಯಲ್ಲಿ ಮಾರ್ಚ್ ನಡುವಿನಿಂದ ಮೀನು ಹಿಡಿಯಬಹುದು. ಗುಡ್ಡದ ಮೇಲೆ ಇನ್ನೂ ಹಿಮ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ತುಸು ಬಿಸಿಲು ಬಿದ್ದಾಗ ನೀರಿನೊಳಗಿಂದ ಕಂದು ನೊಣಗಳು ಮೇಲೆದ್ದು ಬರುತ್ತವೆ. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಚಳಿಗಾಲವೆಲ್ಲ ಹಸಿದ ಮೀನುಗಳು ಆ ಹೊತ್ತಿನಲ್ಲಿ ಮಾತ್ರ ಮೇಲೆ ಬಂದು ತಿನ್ನುತ್ತವೆ. ವರ್ಷವಿಡೀ ಫರ್ಗಸ್ ಕಾಯುವುದು ಆ ಅರ್ಧ ಗಂಟೆಗೆ.

ಎರಡನೆಯ ವರ್ಷಕ್ಕೆ ಅವರ ಕೈ ನಡುಗತೊಡಗಿತು. ಚಹಾದ ಲೋಟ ಹಿಡಿದರೆ ತುಳುಕುತ್ತಿತ್ತು. ನೊಣ ಕಟ್ಟುವುದಂತೂ ಆಗದ ಮಾತು. ಒಂದು ಮಧ್ಯಾಹ್ನ, ನಮಾಜಿಗೆಂದು ಎಳೆದ ಶಟರಿನ ಒಳಗೆ, ಗಾಳವನ್ನು ಕಚ್ಚಿ ಹಿಡಿಯುವ ಪುಟ್ಟ ಇಕ್ಕಳವೊಂದನ್ನು ಮೇಜಿಗೆ ಬಿಗಿದು ಫರ್ಗಸ್ ಒಂದೊಂದೇ ಹೆಜ್ಜೆ ಹೇಳಿಕೊಟ್ಟರು. ಕೊನೆಯ ಗಂಟು ಹಾಕುವುದೇ ಕಷ್ಟ, ಅದಕ್ಕೆ ತಿಂಗಳುಗಟ್ಟಲೆ ಬೇಕು ಎಂದರು. ಇದ್ದಿನಬ್ಬ ನೂಲನ್ನು ಬೆರಳಿಗೆ ಸುತ್ತಿ ಒಂದೇ ಚಿಟಿಕೆಯಲ್ಲಿ ಗಂಟು ಬಿಗಿದರು. ಮುದುಕರು ಬಾಯಿ ತೆರೆದು ನೋಡಿದರು.

"ಎಲ್ಲಿ ಕಲಿತೆ ಅಂತ ಕೇಳಿದ್ರು. ಬೀಡಿ ಅಂತ ಹೇಳ್ಲಿಕ್ಕೆ ನನಗೆ ಇಂಗ್ಲಿಷ್ ಗೊತ್ತಿಲ್ಲ. ಅಮ್ಮ ಕಲಿಸಿದ್ದು ಅಂದೆ."

ಊರಿಗೆ ಫೋನ್ ಮಾಡಿ ಹೇಳಿದಾಗ ಹೆಂಡತಿ ನಬೀಸಾ ನಕ್ಕುಬಿಟ್ಟರು. "ಅಷ್ಟು ದೂರ ಹೋಗಿಯೂ ನೀವು ಕಟ್ಟುವುದೇ ಮಾಡಿದ್ದಾ?" ಅಂಗಡಿಯ ಮಾಲೀಕ ಅಬೂ ನಾಸರ್ ಮೇಜಿನ ಮೇಲಿನ ಸಾಲು ನೋಡಿ ಹೌಹಾರಿದರಂತೆ: "ಇಪ್ಪತ್ತು ವರ್ಷದಿಂದ ನೊಣ ಓಡಿಸು ಅಂತ ಹೇಳುತ್ತಿದ್ದೇನೆ. ಈಗ ನೀನೇ ಮಾಡಿ ಇಡುತ್ತಿದ್ದೀಯಾ? ನಗರಸಭೆಯವರು ಬಂದರೆ ಏನು ಹೇಳಲಿ?" ಆದರೂ ಹಿಂಬದಿಯ ಕಿಟಕಿ ಪಕ್ಕದ ಮೂಲೆಯನ್ನು ಅವರೇ ಖಾಲಿ ಮಾಡಿಸಿಕೊಟ್ಟರು. ಹಫೂಫಿನಲ್ಲಿ ಅರಬರ ಮೇಲಂಗಿಗೆ ಜರಿ ಹೊಲಿಯುವ ಪರಿಚಯದವರಿಂದ ಚಿನ್ನದ ಬಣ್ಣದ ನೂಲನ್ನೂ ತಂದುಕೊಟ್ಟರು. ನೊಣದ ಮೈಗೆ ಒಂಟೆಯ ಹೊಟ್ಟೆಯ ಮೃದು ಕೂದಲು, ಅದರ ಮೇಲೆ ಜರಿಯ ಸುತ್ತು, ಕಾಲಿಗೆ ಹುಂಜದ ಗರಿ.

2014ರ ಮಾರ್ಚಿನಲ್ಲಿ ಫರ್ಗಸ್ ಹನ್ನೆರಡು ನೊಣಗಳ ಡಬ್ಬಿ ಹಿಡಿದು ಊರಿಗೆ ಹೋದರು. ತಿರುಗಿ ಬಂದವರು ಖರ್ಜೂರ ತಿಂದರು, ಚಹಾ ಕುಡಿದರು, ಚಳಿ ಜಾಸ್ತಿ ಇತ್ತು ಎಂದರು. ನೊಣದ ಸುದ್ದಿ ಮಾತ್ರ ಎತ್ತಲಿಲ್ಲ. ಇದ್ದಿನಬ್ಬ ತಾವಾಗಿ ಡಬ್ಬಿ ಕೇಳಿ ಇಸಿದುಕೊಂಡು ತೆರೆದರು. ಹನ್ನೆರಡೂ ಇದ್ದವು. ಎರಡೇ ಎರಡು ನೀರು ಕಂಡಿದ್ದವು.

"ಸತ್ಯ ಹೇಳಿ ಸರ್ ಅಂದೆ. ಆಗ ಹೇಳಿದ್ರು. ಮೀನು ಹತ್ರ ಬಂತು, ನೋಡಿತು, ತಿರುಗಿ ಹೋಯ್ತು. ಎರಡು ಸಲವೂ ಹಾಗೆಯೇ. ನೋಡ್ಲಿಕ್ಕೆ ತುಂಬಾ ಚಂದ ಉಂಟು ಇದ್ದಿನಬ್ಬ, ಆದರೆ ಇದು ನೊಣ ಅಲ್ಲ ಅಂದ್ರು. ನನಗೆ ಎರಡು ದಿನ ಊಟ ಸೇರಲಿಲ್ಲ."

ಅಷ್ಟೇ ಅಲ್ಲ. ಫರ್ಗಸರ ಕೈಯ ಜೊತೆ ಕಾಲೂ ಸೋಲುತ್ತಿದೆ, ಇನ್ನೊಂದು ವರ್ಷ ಮಾತ್ರ ನದಿಗೆ ಇಳಿಯಬಹುದು ಎಂದು ವೈದ್ಯರು ಹೇಳಿದ್ದಾರೆಂಬುದೂ ಅದೇ ದಿನ ಗೊತ್ತಾಯಿತು. ಮುಂದಿನ ಮಾರ್ಚ್ ಫರ್ಗಸರ ಕೊನೆಯ ಮಾರ್ಚ್.

ಆ ವರ್ಷವಿಡೀ ಇದ್ದಿನಬ್ಬ ಮಧ್ಯಾಹ್ನದ ನಿದ್ದೆ ಬಿಟ್ಟರು. ರೂಮಿನಲ್ಲಿ ಜೊತೆಗಿದ್ದ ಕಾಪುವಿನ ಶಹೀರ್ ತನ್ನ ಫೋನಿನಲ್ಲಿ ನದಿಯ ವಿಡಿಯೊಗಳನ್ನು ಹುಡುಕಿ ತೋರಿಸುತ್ತಿದ್ದ. ನೀಲಿ ಬೇಸಿನ್ನಿನಲ್ಲಿ ನೀರು ತುಂಬಿ, ಕಟ್ಟಿದ ಒಂದೊಂದು ನೊಣವನ್ನೂ ಬಿಟ್ಟು ನೋಡುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಗರಿಯನ್ನು ಇನ್ನೂ ಒತ್ತಾಗಿ ಸುತ್ತಿದರು. ಜರಿ ಬದಲಿಸಿದರು. ಯಾವುದೂ ಸರಿ ಕಾಣಲಿಲ್ಲ.

2015ರ ಜನವರಿಯ ಒಂದು ಮುಂಜಾನೆ ಅಂಗಡಿಯ ಹಿಂದಿನ ನೀರಿನ ತೊಟ್ಟಿಯ ಮುಚ್ಚಳ ತೆರೆದರು. ಕೈ ಮರಗಟ್ಟಿಸುವಷ್ಟು ತಣ್ಣಗಿನ ನೀರು. ಅದರ ಮೇಲೊಂದು ಪುಟ್ಟ ಕೀಟ. ಹಾರಲಿಕ್ಕೆ ನೋಡುತ್ತಿದೆ, ಆಗುತ್ತಿಲ್ಲ. ಕಾಲುಗಳನ್ನು ಅಗಲಿಸಿ, ಹೊಟ್ಟೆಯನ್ನು ನೀರಿಗೆ ತಾಗಿಸಿ ಕೂತಿದೆ. ಇದ್ದಿನಬ್ಬ ಮುಚ್ಚಳ ಕೈಯಲ್ಲಿ ಹಿಡಿದುಕೊಂಡೇ ಬಿಸಿಲು ಬರುವವರೆಗೆ ಅದನ್ನೇ ನೋಡುತ್ತ ನಿಂತರು.

"ಆಗ ಗೊತ್ತಾಯ್ತು ನೋಡಿ. ನಾನು ಕಟ್ಟಿದ್ದು ಮದುಮಗನ ಹಾಗೆ ಎದೆ ಎತ್ತಿ ನಿಂತ ನೊಣ. ಚಳಿಗೆ ಸೋತ ನೊಣ ಹಾಗೆ ನಿಲ್ತದಾ? ಅದು ಬಗ್ಗಿ ಕೂತಿರ್ತದೆ. ನಾನು ನೂಲು ನೋಡಿದ್ದೆ, ಗರಿ ನೋಡಿದ್ದೆ, ನೊಣವನ್ನೇ ನೋಡಿರಲಿಲ್ಲ."

ಆರು ಸುತ್ತಿದ್ದ ಗರಿಯನ್ನು ಮೂರಕ್ಕೆ ಇಳಿಸಿದರು. ಅಡಿಯ ಎಳೆಗಳನ್ನು ಕತ್ತರಿಸಿದರು. ಜರಿ ಒಂದೇ ಸುತ್ತು. ಬೇಸಿನ್ನಿನಲ್ಲಿ ಬಿಟ್ಟಾಗ ನೊಣ ಹೊಟ್ಟೆ ತಾಗಿಸಿ, ಕಾಲು ಅಗಲಿಸಿ ಕೂತಿತು. ಆ ಸಲ ಆರೇ ಆರು ಕಟ್ಟಿಕೊಟ್ಟರು. "ನೋಡಲಿಕ್ಕೆ ಚಂದ ಇಲ್ಲ ಸರ್, ಕ್ಷಮಿಸಿ," ಎಂದರು. ಫರ್ಗಸ್ ಒಂದನ್ನು ಅಂಗೈ ಮೇಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ಆರನ್ನೂ ತಗಡಿನ ಡಬ್ಬಿಗೆ ಹಾಕಿಕೊಂಡರು.

ಮಾರ್ಚ್ ಮೂರನೆಯ ವಾರ, ಇಳಿಹೊತ್ತಿನ ಅಸರ್ ನಮಾಜಿನ ನಂತರ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಫೋನ್ ಬಡಿದುಕೊಂಡಿತು. ಕೈ ಒರೆಸಿಕೊಂಡು ಎತ್ತಿದರೆ ಮೊದಲು ಕೇಳಿದ್ದು ನೀರು ಹರಿಯುವ ಸದ್ದು. ಆಮೇಲೆ ಏದುಸಿರು.

"ಇದ್ದಿನಬ್ಬ, ಅದು ತಿಂದಿತು! ನೋಡಲೂ ಇಲ್ಲ, ಯೋಚಿಸಲೂ ಇಲ್ಲ, ಬಂದು ತಿಂದೇಬಿಟ್ಟಿತು!"

ಬಂಡೆಯ ಹಿಂದಿನ ನಿಂತ ನೀರಿನಲ್ಲಿ, ಮೊಣಕಾಲಷ್ಟು ಆಳದಲ್ಲಿ, ಊರುಗೋಲು ಹಿಡಿದು ನಿಂತು ಬೀಸಿದ ಮೊದಲ ಎಸೆತಕ್ಕೇ. ಮೈತುಂಬ ಕೆಂಪು ಚುಕ್ಕೆಯ ಮೀನು, ಮೊಳದುದ್ದ. ನಲವತ್ತು ವರ್ಷದಲ್ಲಿ ಆ ನದಿಯಲ್ಲಿ ಅಂಥದ್ದು ಸಿಕ್ಕಿರಲಿಲ್ಲವಂತೆ.

"ಹೇಗೆ ಅಡಿಗೆ ಮಾಡ್ತೀರಿ ಅಂತ ಕೇಳಿದೆ. ನೀರಿಗೆ ಬಿಟ್ಟೆ ಅಂದ್ರು! ನನಗೆ ಸಿಟ್ಟೇ ಬಂತು ಮಾರಾಯ್ರೆ. ಒಂದು ವರ್ಷ ಕಷ್ಟಪಟ್ಟು ಕಟ್ಟಿದ್ದು, ಹಿಡಿದು ಬಿಡುವುದಾ? ಆಮೇಲೆ ಆಚೆ ಕಡೆ ಅವರು ಅಳುವುದು ಕೇಳಿತು. ಶುಕ್ರನ್, ಶುಕ್ರನ್ ಅಂತ ಥ್ಯಾಂಕ್ಸ್ ಹೇಳ್ತಾನೇ ಇದ್ರು. ನನ್ನ ಕಣ್ಣಲ್ಲೂ ನೀರು. ಗಿರಾಕಿಗಳು ಊರಲ್ಲಿ ಯಾರೋ ತೀರಿಹೋದ್ರು ಅಂತ ತಿಳ್ಕೊಂಡ್ರು."

ಆ ಬೇಸಿಗೆಯಲ್ಲಿ ಫರ್ಗಸ್ ನಿವೃತ್ತರಾಗಿ ಊರಿಗೆ ಹೊರಟರು. ಇಕ್ಕಳ, ಭೂತಗನ್ನಡಿ ಇರುವ ದೀಪ, ಗಾಳದ ಪೆಟ್ಟಿಗೆ ಎಲ್ಲವನ್ನೂ ಇದ್ದಿನಬ್ಬರ ಮೇಜಿನ ಮೇಲೆ ಬಿಟ್ಟರು. ದಹ್ರಾನ್, ದಮ್ಮಾಮ್ ಕಡೆಯ ಗೆಳೆಯರಿಗೆ ಅಂಗಡಿಯ ದಾರಿ ಹೇಳಿ ಹೋದರು. ಅಂದಿನಿಂದ ಪ್ರತಿ ಫೆಬ್ರವರಿಯಲ್ಲಿ ಎಂಟು ಹತ್ತು ಮಂದಿ ಕೋಳಿ ಅಂಗಡಿಗೆ ಬಂದು ನೊಣ ಕೇಳುತ್ತಾರೆ. ಯಾವ ದೇಶ, ನದಿಯೋ ಕೆರೆಯೋ, ಆ ತಿಂಗಳಲ್ಲಿ ನೀರು ಎಷ್ಟು ತಣ್ಣಗಿರುತ್ತದೆ ಎಂದು ವಿಚಾರಿಸಿಯೇ ಇದ್ದಿನಬ್ಬ ಗರಿ ಆರಿಸುವುದು.

ಈ ಸಲದ ಕೊನೆಯ ಡಜನ್ ಇಂದು ಮುಗಿಯಬೇಕು. ಹಗಲು ಏರಿದೆ, ಹೊರಗೆ ಗಿರಾಕಿಗಳ ಅವಸರದ "ಯಲ್ಲಾ, ಯಲ್ಲಾ" ಶುರುವಾಗಿದೆ. ಇದ್ದಿನಬ್ಬ ಏಪ್ರನ್ ಬಿಗಿಯುತ್ತಾ ಏಳುತ್ತಾರೆ. ಇನ್ನೇನು ಆಸೆ ಉಂಟು ಎಂದು ಕೇಳಿದರೆ, ನಾಚಿಕೊಂಡೇ ಹೇಳುತ್ತಾರೆ.

"ಫರ್ಗಸ್ ಸರ್‌ಗೆ ದಿನಾ ದುಆ ಮಾಡ್ತೇನೆ, ಅದು ಬಿಡಿ. ಅವರು ಬಿಟ್ಟ ಆ ಮೀನು ಉಂಟಲ್ಲ, ಅದಕ್ಕೂ ಮಾಡ್ತೇನೆ. ಹುಟ್ಟಿದಾಗಿನಿಂದ ನೊಣ ತಿಂದೇ ಬದುಕಿದ್ದು, ಅದಕ್ಕಿಂತ ಚೆನ್ನಾಗಿ ನೊಣ ಯಾರಿಗೆ ಗೊತ್ತು? ಅದು ನನ್ನ ಕೆಲಸ ಸರಿ ಉಂಟು ಅಂತ ಒಪ್ಪಿತು. ಈಗ ಮೂರು ವರ್ಷ ಆಯ್ತು. ಎಲ್ಲೇ ಇರಲಿ, ಹೊಟ್ಟೆ ತುಂಬಿಸಿಕೊಂಡು ಆರಾಮಾಗಿ ಇರಲಿ."