ಪಿತ್ತಕೋಶ ನೋಡಲು ಹೋದ ಚಿಕ್ಕಿ

ಇಂದು ಬೆಳಿಗ್ಗೆ ಅಂಕೋಲೆಯ ಮೀನುಪೇಟೆಯಲ್ಲಿ ಬಂಗಡೆ ಸ್ವಚ್ಛ ಮಾಡುತ್ತಿದ್ದ ಹೆಂಗಸು ಕರುಳಿನ ನಡುವಿನಿಂದ ಒಂದು ಹಸಿರು ಗುಳ್ಳೆಯನ್ನು ಜೋಪಾನವಾಗಿ ಬಿಡಿಸಿ ಎಸೆದಳು. ನಿಮಗಾದರೆ ಅದು ಬರೀ ಮೀನಿನ ಕಸ. ನನಗೆ ಯಶೋದಾ ಚಿಕ್ಕಿ ನೆನಪಾದಳು.

ಚಿಕ್ಕಿ ನನ್ನ ತಾಯಿಯ ತಂಗಿ, ಇದೇ ಊರಿನವಳು. ನಾಲ್ಕು ವರ್ಷದ ಹಿಂದೆ ಅವಳ ಹೊಟ್ಟೆನೋವಿಗೆ ಪಿತ್ತಕೋಶದ ಕಲ್ಲು ಕಾರಣ, ಕೋಶವನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದರು. ಚಿಕ್ಕಿ ಸುತಾರಾಂ ಒಪ್ಪಲಿಲ್ಲ. ದೇವರು ಕೊಟ್ಟು ಕಳಿಸಿದ ಸಾಮಾನು, ಹಿಂದಿರುಗಿಸುವಾಗ ಒಂದು ಕಡಿಮೆಯಾದರೆ ಏನು ಹೇಳಲಿ ಎಂಬುದು ಅವಳ ವಾದ. ನೋವು ಬಂದಾಗ ಗೋಡೆಗೊರಗಿ ಹಲ್ಲು ಕಚ್ಚಿ ಕೂರುತ್ತಿದ್ದಳು. ಹುಬ್ಬಳ್ಳಿಯಲ್ಲಿರುವ ಮಗಳು ಫೋನಿನಲ್ಲಿ ಅತ್ತೂ ಅತ್ತೂ ಸೋತಳು.

ಆಗಲೇ ಕಾರವಾರದಲ್ಲಿ ಮೆಡಿಕಲ್ ವಿದ್ಯಾರ್ಥಿಗಳು ಕಲಿಯುವ ಶರೀರದ ಭಾಗಗಳ ಮ್ಯೂಸಿಯಮ್ಮನ್ನು ಎರಡು ದಿನ ಎಲ್ಲರಿಗೂ ತೆರೆದಿಡುತ್ತಾರೆಂಬ ಸುದ್ದಿ ಬಂತು. ಪಿತ್ತಕೋಶವನ್ನು ಕಣ್ಣಾರೆ ಕಂಡರೆ ಒಪ್ಪಿಯಾಳು ಎನಿಸಿತು. ಪ್ರದರ್ಶನ ನೋಡಿ ಬರೋಣ ಎಂದೆ. ಯಾವುದರ ಪ್ರದರ್ಶನ ಎಂದು ಹೇಳುವ ಧೈರ್ಯವಾಗಲಿಲ್ಲ. ಸೀರೆಯದ್ದೆಂದು ತಿಳಿದ ಚಿಕ್ಕಿ ಒಳ್ಳೆಯದನ್ನೇ ಉಟ್ಟು, ಅಬ್ಬಲಿಗೆ ಮುಡಿದು ಬಸ್ಸು ಹತ್ತಿದಳು.

ಬಾಗಿಲಲ್ಲೇ ಅಸ್ಥಿಪಂಜರ ತೂಗುತ್ತಿತ್ತು. ಚಿಕ್ಕಿ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಈ ಅಂಗಡಿಯ ಸೀರೆ ಉಡಿಸುವ ಗೊಂಬೆ ತೀರಾ ಸೊರಗಿದೆ ಎಂದಳು. ಅಷ್ಟೇ. ತಿರುಗಿ ಹೋಗುವಳೆಂದು ಹೆದರಿದ್ದೆ. ಅವಳು ಸೆರಗು ಸಿಕ್ಕಿಸಿಕೊಂಡು ಒಳಗೆ ನಡೆದೇಬಿಟ್ಟಳು.

ಬಿಳಿ ಕೋಟಿನ ಹುಡುಗಿಯೊಬ್ಬಳು ಗಾಜಿನ ಭರಣಿ ತೋರಿಸಿ ಇದು ಪಿತ್ತಕೋಶ ಎಂದಳು. ಚಿಕ್ಕಿ ಮೂಗು ಗಾಜಿಗೆ ತಾಗುವಷ್ಟು ಬಗ್ಗಿದಳು.

“ಇದಾ? ಬಂಗಡೆ ಹೊಟ್ಟೆಲೂ ಇದೇ ಇರ್ತದಲ್ಲ ತಂಗಿ. ಐವತ್ತು ವರ್ಷದಿಂದ ನಾ ತೆಗೀತೇ ಇದ್ನೆ.”

ಮುಂದಿನದು ಚಿಕ್ಕಿಯ ಪಾಠ. ಉಗುರು ತಾಗಿ ಒಡೆದರೆ ಇಡೀ ಸಾರು ಕಹಿ, ಬೆರಳನ್ನು ಕೆಳಗಿನಿಂದ ತರಬೇಕು ಎಂದು ಗಾಳಿಯಲ್ಲೇ ಮಾಡಿ ತೋರಿಸಿದಳು. ನಾಲ್ಕಾರು ಭಾವೀ ಡಾಕ್ಟರುಗಳು ಸುತ್ತ ನೆರೆದರು. ಒಬ್ಬ ಬರೆದುಕೊಂಡೂ ಬಿಟ್ಟ.

ನಾನು ಯಾರೋ ಅಪರಿಚಿತನಂತೆ ಪಕ್ಕದ ಮೇಜಿಗೆ ಸರಿದೆ. ಅಲ್ಲಿ ಹೃದಯವಿತ್ತು. ನೋಡಿ, ನಾನು ಹೈಸ್ಕೂಲಿನ ಕನ್ನಡ ಮಾಸ್ತರ. ಹೃದಯ ಹಿಗ್ಗಿತು, ಕರಗಿತು, ಒಡೆಯಿತು ಎಂದು ಮಕ್ಕಳಿಗೆ ಬರೆಸುತ್ತ ಕೂದಲು ನರೆತವನು. ನಿಜವಾದದ್ದನ್ನು ಕಂಡದ್ದು ಅಂದೇ. ಸೀಳಿ ಬಿಡಿಸಿಟ್ಟಿದ್ದರು, ಬೆಂದ ಗೆಣಸಿನ ಬಣ್ಣ. ಮೂಗಿಗೆ ಔಷಧದ ಘಾಟು ಹೊಡೆಯಿತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ಚಿಕ್ಕಿ ಕಂಕುಳಿಗೆ ಕೈ ಹಾಕಿ ನನ್ನನ್ನೆತ್ತಿ ಬೆಂಚಿಗೆ ಕೂರಿಸುತ್ತ, ಕೋಳಿ ಕೊಯ್ಯುವಾಗಲೂ ಇವನು ಹೀಗೇ ಎಂದು ಎಲ್ಲರಿಗೂ ವಿವರಿಸುತ್ತಿದ್ದಳು.

ನೀರು ತಂದ ಆ ಹುಡುಗಿಯನ್ನು ಚಿಕ್ಕಿ ಹತ್ತಿರ ಕೂರಿಸಿಕೊಂಡು ಭರಣಿಗಳತ್ತ ಕೈ ತೋರಿಸಿದಳು.

“ಇವ್ರೆಲ್ಲ ಯಾರ ಮನೆಯವ್ರು ತಂಗಿ?”

ಹುಡುಗಿ ತಡವರಿಸಿದಳು. ಹೆಸರು ತಮಗೂ ತಿಳಿಸುವುದಿಲ್ಲ, ಸತ್ತ ಮೇಲೆ ನಮ್ಮ ದೇಹದಿಂದ ಮಕ್ಕಳು ಕಲಿಯಲಿ ಎಂದು ಬರೆದುಕೊಟ್ಟವರು ಎಂದಳು. ಚಿಕ್ಕಿ ಎದ್ದು ಪಿತ್ತಕೋಶದ ಮೇಜಿಗೆ ಹೋದಳು. ತಲೆಯ ಅಬ್ಬಲಿಗೆ ತೆಗೆದು ಭರಣಿಯ ಮುಂದಿಟ್ಟಳು. ಹೂ ಇಡುವಂತಿಲ್ಲ ಎಂದು ಹೇಳಲು ಹುಡುಗಿ ಬಾಯಿ ತೆರೆದವಳು, ಹೇಳದೆ ಮುಚ್ಚಿಕೊಂಡಳು.

ಮರಳುವಾಗ ಬಸ್ಸಿನಲ್ಲಿ, ಕಿಟಕಿಯ ಹೊರಗೇ ನೋಡುತ್ತ, ಡಾಕ್ಟರಿಗೆ ಫೋನು ಮಾಡು ಎಂದಳು. ಆಪರೇಷನ್ ಆಯಿತು. ಕಲ್ಲುಗಳನ್ನು ಕೇಳಿ ಪಡೆದು, ಸಣ್ಣ ಬಾಟಲಿಯಲ್ಲಿ ಹಾಕಿ, ‘ಯಶೋದಾ, ಅಂಕೋಲಾ’ ಎಂದು ಚೀಟಿ ಅಂಟಿಸಿ ಷೋಕೇಸಿನ ಗೊಂಬೆಗಳ ನಡುವೆ ಇಟ್ಟಿದ್ದಾಳೆ. ಬಂದವರಿಗೆ ಚಹಾಕ್ಕಿಂತ ಮೊದಲು ಅದರ ದರ್ಶನ.

ಇವತ್ತು ಪೇಟೆಯಿಂದ ನೇರ ಅವಳ ಮನೆಗೆ ಮೀನು ಕೊಡಲು ಹೋದೆ. ಮೇಜಿನ ಮೇಲೆ ಒಂದು ಅರ್ಜಿ ಇತ್ತು. ದೇಹದಾನದ್ದು. ಮಗಳು ಕಳೆದ ವಾರ ಬಂದು ಸಹಿ ಮಾಡಿ ಹೋಗಿದ್ದಳಂತೆ, ಎರಡನೇ ಸಾಕ್ಷಿ ನಾನು. ನಾನು ಪೆನ್ನು ಹಿಡಿದು ಅರ್ಜಿಯನ್ನು ಮೊದಲಿನಿಂದ ಓದತೊಡಗಿದೆ. ಚಿಕ್ಕಿ ಮೀನಿನ ಚೀಲ ಬಿಚ್ಚುತ್ತಲೇ ಹೇಳಿದಳು.

“ನನ್ನ ಅಲ್ಲಿ ಇಟ್ಟ ಮೇಲೆ ನೀ ನೋಡೂಕೆ ಬರಬೇಡ ತಮಾ. ಬಿದ್ರೆ ನಿನ್ನ ಎತ್ತೂಕೆ ನಾ ಇರೂದಿಲ್ಲ.”

ನಗುತ್ತಲೇ ಸಹಿ ಮಾಡಿದೆ. ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿದಿದ್ದವು.