ಒಪ್ಪತ್ತಿನ ದಿನದ ಮಾತ್ರೆ

ಅಮ್ಮನ ಹಳೆಯ ಕೈಚೀಲ ಝಾಡಿಸುತ್ತಿದ್ದಾಗ ಮಾತ್ರೆ ಹಾಳೆಯ ತುಂಡೊಂದು ಬೆರಳಿಗೆ ಚುಚ್ಚಿತು. ಕತ್ತರಿಯಲ್ಲಿ ಕತ್ತರಿಸಿದ ತುಂಡು. ನಾಲ್ಕೇ ಗುಳಿಗಳು, ನಾಲ್ಕೂ ಖಾಲಿ. ಬೆನ್ನಿನ ಬೆಳ್ಳಿ ಕಾಗದದ ಮೇಲೆ ನೀಲಿ ಮಾರ್ಕರಿನ ಅಕ್ಷರ: ‘ಶನಿವಾರ ಮಾತ್ರ’.

ಹೆಬ್ಬಾಳದಾಚೆಯ ನಮ್ಮೂರು ಸಿಂಗಾಪುರದಲ್ಲಿ, ನಮ್ಮ ಬೀದಿಯ ತುದಿಯಲ್ಲಿದ್ದ ಮೆಡಿಕಲ್ ಸ್ಟೋರಿನವರ ಕೈಬರಹ ಅದು. ಅವರ ಮುಖ ತಕ್ಷಣ ನೆನಪಾಗಲಿಲ್ಲ. ಮೊದಲು ಬಂದದ್ದು ಕನ್ನಡಕ, ಆಮೇಲೆ ಕಿವಿಗೆ ಸಿಕ್ಕಿಸಿದ ಪೆನ್ನು… ಆ ಪೆನ್ನು ನಿಜವಾಗಿ ಅಲ್ಲಿತ್ತೋ, ಈಗ ನಾನೇ ಸಿಕ್ಕಿಸಿದೆನೋ, ಹೇಳಲಾರೆ.

ಅವರ ಅಂಗಡಿ ಇದ್ದ ಜಾಗ ಒಂದು ಕಾಲಕ್ಕೆ ನಮ್ಮ ರಾಗಿ ಹೊಲ. ಅಮ್ಮ ಅದನ್ನು ಮರೆತಿರಲಿಲ್ಲ, ಅವರಿಗೂ ಮರೆಯಗೊಡುತ್ತಿರಲಿಲ್ಲ.

“ನಾನು ಕಳೆ ಕಿತ್ತ ಜಾಗದಾಗೆ ನಿಂತ್ಕೊಂಡು ನಂಗೇ ಮಾತ್ರೆ ಕೊಡಲ್ಲ ಅಂತೀಯೇನಪ್ಪಾ?”

“ಕಳೆ ಕಿತ್ತ ಕೈಗೇ ಅಲ್ವಾ ಅಮ್ಮಾ ಈಗ ನೋವು? ಬ್ಲಡ್ ರಿಪೋರ್ಟ್ ತೋರ್ಸಿ, ಕೊಡ್ತೀನಿ.”

ಅಮ್ಮನಿಗೆ ಸಂಧಿವಾತ. ಬೆಳಿಗ್ಗೆ ಕಾಫಿ ಲೋಟ ಹಿಡಿಯಲಾರದಷ್ಟು ಬೆರಳುಗಳು ಊದಿಕೊಳ್ಳುತ್ತಿದ್ದವು. ಹೆಬ್ಬಾಳದ ಡಾಕ್ಟರು ಮೆಥೊಟ್ರೆಕ್ಸೇಟ್ ಬರೆದರು. ವಾರಕ್ಕೆ ಒಂದೇ ದಿನ, ಒಂದೇ ಮಾತ್ರೆ; ತಪ್ಪದೆ ರಕ್ತ ಪರೀಕ್ಷೆ. ಆ ದಿನ ನೆನಪಿಡಲು ಅಮ್ಮನಿಗೊಂದು ಗುರುತು ಬೇಕಿತ್ತು. ತಿಮ್ಮಪ್ಪನ ಹೆಸರಿನಲ್ಲಿ ಅವಳು ಶನಿವಾರ ಒಪ್ಪತ್ತು ಇರುತ್ತಿದ್ದಳು, ಒಂದೇ ಹೊತ್ತಿನ ಊಟ. “ಒಪ್ಪತ್ತಿನ ದಿನ, ಊಟ ಆದ್ಮೇಲೆ ಒಂದು. ಅಷ್ಟೇ.” ಆ ಮಾತು ಅಂಗಡಿಯ ಗಾಜಿನ ಕಟ್ಟೆಯ ಮುಂದೆ ಹುಟ್ಟಿತು. ಅಲ್ಲಿದ್ದದ್ದು ಅಮ್ಮ, ನಾನು, ಅಂಗಡಿಯವರು, ಮೂವರೇ. ಹೇಳಿದ್ದು ಅವರೇ ಎಂದು ಬಹಳ ಕಾಲ ನಂಬಿದ್ದೆ.

ಕೆಲವು ತಿಂಗಳಲ್ಲಿ ಬೆರಳುಗಳು ಸಡಿಲವಾದವು. ಅಮ್ಮ ಮತ್ತೆ ಮುದ್ದೆ ಕಟ್ಟತೊಡಗಿದಳು. ಆಮೇಲೆ ಶ್ರಾವಣ ಬಂತು. ಶ್ರಾವಣದಲ್ಲಿ ಅವಳಿಗೆ ಶನಿವಾರದ ಜೊತೆಗೆ ಸೋಮವಾರ ಶಿವನಿಗೆ, ಶುಕ್ರವಾರ ಲಕ್ಷ್ಮಿಗೆ ಒಪ್ಪತ್ತು. ಮನೆಯಲ್ಲಿ ಯಾರಿಗೂ ಏನೂ ಹೊಳೆಯಲಿಲ್ಲ.

ಮೂರು ವಾರ ಕಳೆಯುವಷ್ಟರಲ್ಲಿ ಅಮ್ಮನ ಬಾಯಿ ತುಂಬ ಹುಣ್ಣು. ನಾನು ಅಂಗಡಿಗೆ ಹೋದೆ.

“ಬಾಯಿ ಹುಣ್ಣಿಗೆ ಏನಾದ್ರೂ ಕೊಡಿ ಸರ್.”

“ಯಾರಿಗೆ?”

“ಅಮ್ಮಂಗೆ. ಉಷ್ಣ ಅನ್ಸುತ್ತೆ.”

ಕೈಗೆತ್ತಿಕೊಂಡಿದ್ದ ಟ್ಯೂಬನ್ನು ಅವರು ಕೆಳಗಿಟ್ಟರು. “ಮನೆಗೆ ಫೋನ್ ಮಾಡಿ. ಶ್ರಾವಣ ಶುರುವಾದಾಗ ಹತ್ತು ಮಾತ್ರೆ ಒಯ್ದಿದ್ರಿ. ಎಷ್ಟು ಉಳ್ದಿದೆ ಕೇಳಿ.”

“ಒಂದೈತೆ ಕಣೋ,” ಎಂದಳು ಅಮ್ಮ. “ಯಾಕೆ?”

ಅವರು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟರು. ಸೋಮ, ಶುಕ್ರ, ಶನಿ. ಮತ್ತೆ ಸೋಮ, ಶುಕ್ರ, ಶನಿ… ಒಂಬತ್ತು ಒಪ್ಪತ್ತು, ಒಂಬತ್ತು ಮಾತ್ರೆ; ಬೆರಳು ಅಲ್ಲೇ ನಿಂತಿತು. ಅಂಗಡಿಯಲ್ಲಿದ್ದ ಗಿರಾಕಿಗಳನ್ನು ಕಳಿಸಿ, ಶಟರ್ ಎಳೆದು, ತಾವೇ ಆಟೋ ನಿಲ್ಲಿಸಿ, ಮನೆಯಿಂದ ಅಮ್ಮನನ್ನು ಹತ್ತಿಸಿಕೊಂಡರು. ಹೆಬ್ಬಾಳದವರೆಗೂ ಅಮ್ಮ ನನ್ನನ್ನು ಬೈಯುತ್ತಲೇ ಇದ್ದಳು: “ಬಾಯಿ ಬೆಂದಿದ್ದಕ್ಕೆಲ್ಲ ಇಂಗೆ ಆಸ್ಪತ್ರೆಗೆ ಎತ್ತಾಕ್ಕೊಂಡು ಓಡ್ತಾರೇನೋ?”

ರಕ್ತದಲ್ಲಿ ಬಿಳಿ ಕಣಗಳು ಕುಸಿದಿದ್ದವು. ಇನ್ನೆರಡು ದಿನ ತಡವಾಗಿದ್ದರೆ ಏನೂ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಒಂಬತ್ತು ದಿನ ಆಸ್ಪತ್ರೆ. ಮೆಡಿಕಲ್ ಸ್ಟೋರಿನವರು ದಿನವೂ ಮಧ್ಯಾಹ್ನ ಅಂಗಡಿ ಮುಚ್ಚಿ ಬರುತ್ತಿದ್ದರು. ಹುಣ್ಣು ಇಳಿದು ಅಮ್ಮನಿಗೆ ಮತ್ತೆ ಮಾತಾಡಲು ಆದ ದಿನ ಹಾಸಿಗೆಯ ಪಕ್ಕ ನಿಂತು, “ತಪ್ಪು ನಂದು ಅಮ್ಮಾ,” ಎಂದರು. “ಒಪ್ಪತ್ತಿನ ದಿನ ಅಂತ ಹೇಳ್ಬಾರ್ದಿತ್ತು.”

“ಓಗ್ಲಿ ಬಿಡಪ್ಪಾ. ನಮ್ಮನೆ ಒಪ್ಪತ್ತುಗಳೆಲ್ಲ ನಿಂಗೇನ್ ಗೊತ್ತು.”

ನಾನು ಎಳನೀರು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.

ಅಂದಿನಿಂದ ಅವರು ಆ ಮಾತ್ರೆಯ ಹಾಳೆಯನ್ನು ಯಾರಿಗೂ ಇಡಿಯಾಗಿ ಕೊಡಲಿಲ್ಲ. ನಾಲ್ಕು ನಾಲ್ಕು ಮಾತ್ರೆಯ ತುಂಡಾಗಿ ಕತ್ತರಿಸಿ, ವಾರದ ಹೆಸರು ಬರೆದು, ಕೊಂಡವರ ಬಾಯಲ್ಲೇ ಓದಿಸಿ ಕೊಡುತ್ತಿದ್ದರು. ಜನ ರೇಗುತ್ತಿದ್ದರು, ಅವರು ನಗುತ್ತಿದ್ದರು.

ಆದರೆ ಆ ಮಾತು ಹುಟ್ಟಿದ ಕ್ಷಣವನ್ನು ನೆನೆದಾಗಲೆಲ್ಲ ಚಿತ್ರ ಬೇರೆಯೇ ಕಾಣುತ್ತದೆ. ಅವರು ನಮಗೆ ಬೆನ್ನು ಹಾಕಿ ಮೇಲಿನ ಖಾನೆಯಿಂದ ಪೆಟ್ಟಿಗೆ ತೆಗೆಯುತ್ತಿದ್ದಾರೆ. ಅಮ್ಮನ ಮುಖ ನನ್ನ ಕಡೆ ತಿರುಗಿದೆ… ಒಮ್ಮೆ ಕೇಳಿಬಿಡಬೇಕು ಎಂದುಕೊಂಡು ಎಷ್ಟೋ ಸಲ ಹೋಗಿ, ನೆಗಡಿ ಮಾತ್ರೆ ಕೊಂಡು ವಾಪಸು ಬಂದೆ. ಹೋದ ವರ್ಷ ಅವರ ಹೃದಯ ನಿಂತಿತು. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಇವತ್ತು ಅಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಹತ್ತಿರ ಹೋಗಿ ಕೂತೆ.

“ಒಪ್ಪತ್ತಿನ ದಿನ ಅಂತ ನಿಂಗೆ ಹೇಳಿದ್ದು ನಾನೇ ಅನ್ಸುತ್ತಮ್ಮ.”

“ನೀನೇ,” ಎಂದಳು, ತಲೆ ಎತ್ತದೆ. “ಆಸ್ಪತ್ರೆಯಾಗೇ ಗೊತ್ತಿತ್ತು.”

“ಮತ್ತೆ ಅವರು ಯಾಕೆ ತಮ್ಮ ಮೇಲೆ…”

“ಆಯಪ್ಪ ನಿನ್ ಮುಖ ನೋಡಿರ್ತಾನೆ.”

ಅಮ್ಮನ ನೆನಪನ್ನೂ ನಾನು ಪೂರ್ತಿ ನಂಬುವವನಲ್ಲ. ಅವಳೂ ನನ್ನ ಹಾಗೆ ಹೊಲಿದು ಜೋಡಿಸುವವಳೇ. ಇದು ಹೌದೋ ಅಲ್ಲವೋ ಹೇಳಬಲ್ಲವರು ಒಬ್ಬರೇ ಇದ್ದರು. ಅವರು ತಪ್ಪು ಒಪ್ಪಿಕೊಳ್ಳುತ್ತಿದ್ದಾಗ ನಾನು ಸುಮ್ಮನೆ ನಿಂತಿದ್ದೆ. ಅದೊಂದು ಮಾತ್ರ ನನಗೆ ಸರಿಯಾಗಿ ನೆನಪಿದೆ.